ಕೊನೆಗೆ ಕೇಳಿಸಿದ್ದು

ಸತ್ತವರಿಗೆ ಕಿವಿ ಕೇಳಿಸುತ್ತದೆ ಎಂದು ಗೊತ್ತಾದಾಗ ನಮ್ಮ ಹೊಸಬಾವಿಯ ಜನ ಮಾಡಿದ ಮೊದಲ ಕೆಲಸವೆಂದರೆ ಜಗಳ. ಕಿವಿಯ ಹತ್ತಿರ ಮೊದಲು ಕೂರುವವರು ಯಾರು? ಹಿರಿಯ ಮಗನೋ, ಕೊನೆಗಾಲದಲ್ಲಿ ಗಂಜಿ ಕುಡಿಸಿದ ಮಗಳೋ? ಆಸ್ಪತ್ರೆಯ ವರಾಂಡದಲ್ಲಿ ಅಂಗಿಯ ತೋಳು ಮಡಚಿ ನಿಂತವರನ್ನು ನಾನೇ ಬಿಡಿಸಿ ಕಳಿಸಿದ್ದೇನೆ. ಒಬ್ಬ ಸೊಸೆ ಅತ್ತೆಯ ಕಿವಿಗೆ ಬಾಗಿ, ತಿಜೋರಿಯ ಕೀಲಿ ಎಲ್ಲಿಟ್ಟಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದಳು. ಸತ್ತವರು ಕೇಳಿಸಿಕೊಳ್ಳುತ್ತಾರೆ ಅಷ್ಟೇ ತಾಯಿ, ಉತ್ತರ ಕೊಡುವುದಿಲ್ಲ ಎಂದು ನಾನು ತಿಳಿಸಿ ಹೇಳಿದರೆ, ಬದುಕಿದ್ದಾಗಲೂ ಹೀಗೇ ಇದ್ದರು ಎಂದು ನನ್ನ ಮೇಲೆ ಸಿಟ್ಟಾದಳು.

ಬರಬರುತ್ತ ಜನ ತಿದ್ದಿಕೊಂಡರು. ಹೇಳಬೇಕಾದ್ದನ್ನು ಮನೆಯಲ್ಲೇ ಯೋಚಿಸಿಕೊಂಡು ಬರತೊಡಗಿದರು. ಒಬ್ಬ ನಿವೃತ್ತ ಮಾಸ್ತರರ ಗೆಳೆಯರು ಏನು ಹೇಳುವುದೆಂದು ತೋಚದೆ, ಅವರ ತಲೆದೆಸೆಯಲ್ಲಿ ಕುಳಿತು ಎಂದಿನಂತೆ ಇಸ್ಪೀಟು ಆಡಿ, ಎಂದಿನಂತೆ ಮೋಸ ಮಾಡಿ, ಒಬ್ಬರನ್ನೊಬ್ಬರು ಬೈದುಕೊಂಡು ಹೋದರು. ನಾನು ಕಂಡ ಸಾವುಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ಇನ್ನೂ ಕಂಡಿಲ್ಲ.

ನನ್ನ ಹೆಸರು ಅನಸೂಯಾ. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೊನೆಮಾತಿನ ಕೋಣೆಯ ಆಪರೇಟರ್. ಕೋಣೆ ಎಂದರೆ ಒಂದು ಮಂಚ, ಒಂದು ಪರದೆ, ಮತ್ತು ತಂಪು ಟೊಪ್ಪಿಗೆ ಎಂದು ನಾವು ಕರೆಯುವ ಯಂತ್ರ. ಹೃದಯ ನಿಂತ ಮೇಲೆ ಮಿದುಳು ಒಮ್ಮೆಲೇ ಆರುವುದಿಲ್ಲ. ಒಂದೊಂದೇ ಭಾಗ ಸುಮ್ಮನಾಗುತ್ತ ಹೋಗುತ್ತದೆ, ಕೇಳುವ ಭಾಗ ಎಲ್ಲಕ್ಕಿಂತ ಕೊನೆಗೆ. ಈ ಟೊಪ್ಪಿಗೆ ಹುಟ್ಟಿದ್ದು ಅಂಗದಾನದ ಕೆಲಸಕ್ಕೆ. ಅದು ಕುತ್ತಿಗೆಯ ರಕ್ತನಾಳದೊಳಗೆ ಆಮ್ಲಜನಕ ಬೆರೆಸಿದ ತಣ್ಣನೆಯ ದ್ರವ ಹಾಯಿಸುತ್ತದೆ. ಒಮ್ಮೆ ಯಾರೋ ಒಬ್ಬ ತಾಯಿ ಟೊಪ್ಪಿಗೆ ಹಾಕಿದ್ದ ಮಗಳ ಹೆಣದ ಮೇಲೆ ಬಿದ್ದು ಹೆಸರು ಹಿಡಿದು ಕೂಗಿದಾಗ, ಸತ್ತು ಬಹಳ ಹೊತ್ತಾಗಿದ್ದ ಮಗಳ ಮಿದುಳಿನ ಗೆರೆ ಎದ್ದು ನಿಂತಿತು. ಅಲ್ಲಿಂದ ಎಲ್ಲ ಶುರುವಾಯಿತು.

ಪರದೆಯ ಮೇಲೆ ಎರಡು ಗೆರೆ. ಮೇಲಿನದು, ಸದ್ದು ಮುಟ್ಟಿತು ಎಂದು ತೋರಿಸುತ್ತದೆ. ಕೆಳಗಿನದು ಗುರುತಿನ ಗೆರೆ. ಪರಿಚಯದ ದನಿ ಬಿದ್ದರೆ ಮಾತ್ರ ಅದು ಹಸಿರಾಗಿ ಏಳುತ್ತದೆ. ಸತ್ತವರಿಗೆ ಸಂತೋಷವಾಯಿತೋ ದುಃಖವಾಯಿತೋ ಎಂದು ಜನ ಕೇಳುತ್ತಾರೆ. ಅದು ಯಂತ್ರಕ್ಕೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗುರುತು ಹತ್ತಿತು, ಅಷ್ಟೇ. ಫೋನಿನಲ್ಲಿ ಮಾತಾಡಿದರೆ ಗುರುತಿನ ಗೆರೆ ಏಳುವುದಿಲ್ಲ. ಮೈಕಿನ ದನಿಗೂ ಅಷ್ಟೇ, ಟೇಪಿನ ದನಿಗೂ ಅಷ್ಟೇ. ಹಸಿ ಗಂಟಲೇ ಬೇಕು. ಮನುಷ್ಯ ಎದುರಿಗೇ ಇರಬೇಕು. ಯಾಕೆ ಎಂದು ವಿಜ್ಞಾನಿಗಳು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ನನಗೆ ಮಾತ್ರ ಈ ಒಂದು ವಿಷಯದಲ್ಲಿ ಯಂತ್ರ ಸರಿಯಾಗಿದೆ ಅನಿಸುತ್ತದೆ.

ಆಮೇಲೆ ಕಾನೂನು ಬಂತು. ಗೆರೆ ತಾನಾಗಿ ಮಲಗುವವರೆಗೆ ಹೆಣ ಎತ್ತುವಂತಿಲ್ಲ, ಬಡವನಾಗಲಿ ಮಂತ್ರಿಯಾಗಲಿ ಈ ಹಕ್ಕು ಎಲ್ಲರದು, ಕೋಣೆಯ ಸುತ್ತ ಗದ್ದಲ ಕೂಡದು. ಗದ್ದಲ ಕೂಡದು ಎಂದು ಬೋರ್ಡು ಹಾಕಿದ ದಿನವೇ ಜನಕ್ಕೆ ಹೊಸದೊಂದು ವಿಷಯ ಹೊಳೆಯಿತು. ಮೊದಲೆಲ್ಲ ವೈರಿ ಸತ್ತರೆ ಪಟಾಕಿ ಹೊಡೆಯುತ್ತಿದ್ದರು. ಅದು ಅವರವರ ಹೊಟ್ಟೆಯುರಿ ತಣಿಸಿಕೊಳ್ಳುವ ಆಟ, ಸತ್ತವನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಈಗ ಹಾಗಲ್ಲ. ಈಗ ಅವನಿಗೆ ಕೇಳಿಸುತ್ತದೆ! ಅವನ ಕಿವಿ ಎಷ್ಟು ಹೊತ್ತು ಕೆಲಸ ಮಾಡುತ್ತದೆ, ಅವನು ಯಾವ ಕೋಣೆಯಲ್ಲಿ ಮಲಗಿದ್ದಾನೆ, ಎಲ್ಲ ಗೊತ್ತು. ನಮ್ಮೂರ ಪೇಟೆ ದುರ್ಗದಬೈಲಿನ ಅಂಗಡಿಗಳಲ್ಲಿ ‘ಕಿವಿ ಗರ್ನಾಲು’ ಎಂಬ ಹೆಸರಿನ ಪಟಾಕಿಯೇ ಬಂತು. ಪ್ರೀತಿಗೆ ತೆರೆದ ಬಾಗಿಲಿನಿಂದ ದ್ವೇಷವೂ ಒಳಗೆ ಬಂದು ಕುಳಿತುಕೊಂಡಿತು.

ಇದನ್ನು ನಾನು ಪೇಪರಿನಲ್ಲಿ ಓದಿ ತಿಳಿದದ್ದಲ್ಲ. ನಮ್ಮ ಮನೆಯಲ್ಲೇ ಆಯಿತು.

ನಾನೂ ನನ್ನ ಅಕ್ಕ ನೀಲವ್ವನೂ ಒಂದೇ ಮನೆಯಲ್ಲಿರುತ್ತೇವೆ. ಅಕ್ಕನಿಗೆ ಒಬ್ಬನೇ ಮಗ ಇದ್ದ, ಸಂಗಮೇಶ. ನಮಗೆಲ್ಲ ಸಂಗು. ಹಳೆಯ ಗಿರಣಿ ಮುಚ್ಚಿದ ಮೇಲೆ ಗಿರಣಿಯ ಚಾಳಿನಲ್ಲಿದ್ದ ಮನೆಗಳನ್ನು ಕೆಡವಿ ಗೋದಾಮು ಕಟ್ಟಬೇಕೆಂದು ಮಂತ್ರಿ ಚಂದ್ರಕಾಂತ ಕೋಟೂರ ಹಟ ಹಿಡಿದರು. ಚಾಳಿನವರು ಬುಲ್ಡೋಜರಿಗೆ ಅಡ್ಡ ಕುಳಿತರು, ಅವರ ಜೊತೆಗೆ ಸಂಗುವೂ. ಅವರು ಜನರಲ್ಲ, ಕಸ, ಗುಡಿಸಿ ಹಾಕ್ತೀವಿ ಎಂದು ಮಂತ್ರಿ ಸಭೆಯಲ್ಲಿ ಹೇಳಿದರು. ಮರುದಿನ ಗೋಲಿಬಾರಾಯಿತು. ಸಂಗು ಬಿದ್ದ.

ಅವನನ್ನು ನನ್ನ ಕೋಣೆಗೇ ತಂದರು. ಟೊಪ್ಪಿಗೆ ಹಾಕಿದ್ದು ನಾನೇ. ಅಕ್ಕ ಅವನ ಕಿವಿಗೆ ಬಾಯಿಟ್ಟು ಮಾತಾಡತೊಡಗಿದಾಗ ಗುರುತಿನ ಗೆರೆ ಹಸಿರಾಗಿ ಎದ್ದಿತು. ಅಷ್ಟರಲ್ಲಿ ಕಿಟಕಿಯ ಹೊರಗೆ ಶುರುವಾಯಿತು. ಊರು ಸ್ವಚ್ಛವಾಯಿತೆಂದು ಕೋಟೂರರ ಕಡೆಯವರು ಪಟಾಕಿ ಹೊಡೆಯುತ್ತ ಪೇಡೆ ಹಂಚುತ್ತಿದ್ದರು. ಒಂದೊಂದು ಸದ್ದಿಗೂ ಮೇಲಿನ ಗೆರೆ ಮುಳ್ಳಿನ ಹಾಗೆ ಚುಚ್ಚಿ ಏಳುತ್ತಿತ್ತು, ಹಸಿರು ಗೆರೆ ಒಡೆದು ಚೂರಾಗುತ್ತಿತ್ತು. ಅಕ್ಕ ಕೂಗಿ ಕೂಗಿ ಹೇಳಿದಳು. ಕೊನೆಗೆ ಆಕೆಯ ಗಂಟಲೂ ಹೋಯಿತು, ಗೆರೆಯೂ ಮಲಗಿತು. ತಾನು ಹೇಳಿದ್ದು ಮಗನಿಗೆ ಮುಟ್ಟಿತೋ ಇಲ್ಲವೋ ಎಂಬುದು ಅಕ್ಕನಿಗೆ ಗೊತ್ತಾಗಲೇ ಇಲ್ಲ.

ಆ ಕಿಟಕಿಗೆ ಉಕ್ಕಿನ ಎರಡು ಪದರದ ಶಟರ್ ಹಾಕಿಸಿದ್ದು ಅದಾದ ಮೇಲೆ.

ಅಂದಿನಿಂದ ಅಕ್ಕ ಪ್ರತಿ ಸೋಮವಾರ ಕೋಟೂರರ ಬಂಗಲೆಯ ಗೇಟಿಗೆ ಹೋಗಿ ನಿಲ್ಲುತ್ತಿದ್ದಳು. ಸೋಮವಾರ ಮಂತ್ರಿಗಳು ಮನೆಯಲ್ಲಿ ಜನರನ್ನು ಕಾಣುವ ದಿನ. ಮೊದಮೊದಲು ಚಾಳಿನವರು ಮೆಗಾಫೋನು ಕೊಟ್ಟಿದ್ದರು, ಪೊಲೀಸರು ಕಸಿದುಕೊಂಡರು. ಆಮೇಲೆ ಬರೀ ಗಂಟಲಿನಿಂದಲೇ ಕೂಗುತ್ತಿದ್ದಳು. ಘೋಷಣೆಯಲ್ಲ, ಬೈಗುಳವಲ್ಲ, ಒಂದೇ ಪ್ರಶ್ನೆ.

“ಕೋಟೂರ ಸಾಹೇಬ್ರ, ನನ್ನ ಮಗಂಗ ಕೊನೀಗೆ ಏನ್ ಕೇಳಿಸ್ತು?”

ವರ್ಷಗಳೇ ಹೋದವು, ಒಂದು ಸೋಮವಾರವನ್ನೂ ಆಕೆ ತಪ್ಪಿಸಲಿಲ್ಲ. ಜ್ವರ ಬಂದಾಗ ಬೇಡವೆಂದರೆ ನನ್ನ ಮೇಲೇ ಹಾರಿಬಿದ್ದಳು. ಗೇಟು ತೆರೆಯುತ್ತಿತ್ತು, ಕಾರು ಹೊರಗೆ ಬರುತ್ತಿತ್ತು, ಕಾರಿನ ಗಾಜು ಏರುತ್ತಿತ್ತು. ಗೋಲಿಬಾರಿನ ತನಿಖಾ ಆಯೋಗದ ಮುಂದೆ ಈ ಹೆಂಗಸಿನ ಬಗ್ಗೆ ಕೇಳಿದಾಗ ಮಂತ್ರಿಗಳು, “ಯಾರು? ಅಂಥಾ ದನೀನ ನಾ ಕೇಳಿಲ್ಲ” ಎಂದು ಪ್ರಮಾಣ ಮಾಡಿ ಹೇಳಿದರು. ಅಕ್ಕ ಅಂದು ಮನೆಗೆ ಬಂದವಳೇ ಅರ್ಧ ಹೊಲಿದ ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ಕುಳಿತಳು. ಮಗ ಸತ್ತ ದಿನಕ್ಕಿಂತ ಅಂದೇ ಆಕೆ ಹೆಚ್ಚು ಸೋತಂತೆ ಕಂಡಳು.

ಕೋಟೂರರು ಸತ್ತ ಸುದ್ದಿ ಬಂದದ್ದು ಒಂದು ಮಧ್ಯಾಹ್ನ. ನನಗೆ ರಜೆ. ಅಕ್ಕ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು, ನಾನು ಹೆಸರುಕಾಳು ಹಸನು ಮಾಡುತ್ತಿದ್ದೆ. ಓಣಿಯ ಆ ತುದಿಯಲ್ಲಿ ಒಂದು ಪಟಾಕಿ ಸರ ಹೊತ್ತಿಕೊಂಡಿತು, ಹಿಂದೆಯೇ ಇನ್ನೊಂದು. ಹಬ್ಬವಿಲ್ಲ, ಮೆರವಣಿಗೆಯಿಲ್ಲ, ಏನಿದು ಎನ್ನುವಷ್ಟರಲ್ಲಿ ಮಗ್ಗುಲ ಮನೆಯ ಕಸ್ತೂರೆವ್ವ ಪೇಡೆಯ ಡಬ್ಬಿ ಹಿಡಿದುಕೊಂಡು ಓಡಿ ಬಂದಳು. ಆಕೆಯೂ ಮೊದಲು ಚಾಳಿನಲ್ಲಿದ್ದವಳೇ.

“ನೀಲವ್ವಾ, ಬಾಯಿ ತಗಿ! ಕೋಟೂರ ಹೋದಾ!”

ಅಕ್ಕ ಸೂಜಿ ನಿಲ್ಲಿಸಿದಳು. “ಹೋದ ಅಂದ್ರ?”

“ಗುಂಡ ಹೊಡದಾರ! ಗೋದಾಮಿಗೆ ಅಡಿಗಲ್ಲ ಹಾಕಾಕ ಬಂದಿದ್ನಲ್ಲ, ನಮ್ಮ ಮನಿ ಇದ್ದ ಜಾಗಾಕ, ಅಲ್ಲೇ ಬಿದ್ದ. ಇವತ್ತ ನಿನ್ನ ಹೊಟ್ಟಿ ತಣ್ಣಗಾತು ನೋಡವಾ.”

ಗುಂಡು ಹೊಡೆದವನು ಯಾರೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹೆಸರು ಗೊತ್ತಾಗುವ ಮೊದಲೇ ಜನ ಅವನನ್ನು ದೇವರು ಮಾಡಿದ್ದರು. ಫೋನು ತೆರೆದರೆ ಎಲ್ಲ ಕಡೆ ಕುಣಿತ, ಬಣ್ಣ, ನಗು. ಸಾವಿಗೆ ನಗಬಾರದು ಎಂದು ಬರೆದ ಒಬ್ಬ ಮೇಷ್ಟ್ರನ್ನು ಊರಿಗೆ ಊರೇ ಸೇರಿ ಉಗಿಯುತ್ತಿತ್ತು.

ನನಗೆ ಹೇಗನಿಸಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸಂತೋಷವಾಯಿತು. ಹೊಟ್ಟೆಯೊಳಗಿನಿಂದ ಎದ್ದು ಬಂದ ಬೆಚ್ಚನೆಯ ಸಂತೋಷ. ಪೇಡೆ ಬಾಯಿಗೆ ಹಾಕಿಕೊಂಡೆ, ರುಚಿಯಾಗಿಯೇ ಇತ್ತು. ಅಕ್ಕ ತನ್ನ ಪಾಲಿನ ಪೇಡೆಯನ್ನು ತಿನ್ನದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಅನಸೂಯಾ, ಅವನ್ನ ನಿಮ್ಮ ಕೋಣಿಗೇ ತರತಾರ ಅಲ್ಲೇನು?”

“ಹೂಂ. ಮತ್ತೆಲ್ಲಿಗೆ ಒಯ್ತಾರ?”

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು.

ಕೋಣೆಯಲ್ಲಿ ಡಾಕ್ಟರ್ ಇನಾಮದಾರ್ ಒಬ್ಬರೇ ಇದ್ದರು. ವಯಸ್ಸಾದ ಮನುಷ್ಯ, ಸಂಗೂನ ದಿನವೂ ಡ್ಯೂಟಿಯಲ್ಲಿದ್ದವರು. ಮಂಚದ ಮೇಲೆ ಕೋಟೂರರು ಮಲಗಿದ್ದರು. ಬಿಳಿ ಚಾದರವನ್ನು ಎದೆಯವರೆಗೆ ಎಳೆದಿದ್ದರು. ಗೋಡೆಗೋಡೆಗಳ ಪೋಸ್ಟರಿನಲ್ಲಿ ನೋಡಿ ನೋಡಿ ರೇಜಿಗೆಯಾಗಿದ್ದ ಮುಖ ಇಷ್ಟೇನಾ ಅನಿಸಿತು. ಗಡ್ಡದಲ್ಲಿ ಅಡಿಗಲ್ಲಿನ ಕುಂಕುಮ ಅಂಟಿಕೊಂಡಿತ್ತು.

“ನಿಮಗ ಆಗಲ್ಲ ಅಂದ್ರ ಹೇಳ್ರಿ ಅನಸೂಯಾ ಅವ್ರ. ಬ್ಯಾರೇದವ್ರನ್ನ ಕರಸ್ತೀನಿ,” ಎಂದರು ಡಾಕ್ಟರು.

“ಆಗ್ತೈತ್ರಿ ಸರ್.”

ಕರ್ತವ್ಯ ಎಂದು ಅಲ್ಲ. ಅವರ ಗೆರೆಯನ್ನು ನನ್ನ ಕಣ್ಣಾರೆ ನೋಡಬೇಕೆಂಬ ಆಸೆ ನನಗಿತ್ತು.

ಶಟರ್ ಮುಚ್ಚಿದ್ದರೂ ಹೊರಗಿನ ಗರ್ನಾಲು ಗೋಡೆಯಲ್ಲಿ ಗುದ್ದಿದಂತೆ ಕೇಳಿಸುತ್ತಿತ್ತು. ಮೇಲಿನ ಗೆರೆ ಸಣ್ಣಗೆ ನಡುಗುತ್ತಿತ್ತು. ಕೆಳಗಿನದು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು, ಒಳಗೆ ಪರಿಚಯದ ದನಿಯೇ ಇರಲಿಲ್ಲವಲ್ಲ. ಮಂತ್ರಿಗಳ ಮಗ ಎಲ್ಲೋ ಪರದೇಶದಲ್ಲಿ. ಹೆಂಡತಿ ಪ್ರೇಮಾ ಅವರು ತವರಿಗೆ ಹೋಗಿದ್ದವರು ಸುದ್ದಿ ಕೇಳಿ ಹೊರಟಿದ್ದರು, ಊರೊಳಗೆ ಬಂದೂ ಆಗಿತ್ತು. ಆದರೆ ಆಸ್ಪತ್ರೆ ಮುಟ್ಟಲು ಆಗುತ್ತಿರಲಿಲ್ಲ.

ಅಡ್ಡ ಬಂದವರು ವೈರಿಗಳಲ್ಲ. ವೈರಿಗಳ ಪಟಾಕಿ ಸಾಹೇಬರ ಕಿವಿಗೆ ಬೀಳಬಾರದು, ನಮ್ಮ ಜೈಕಾರವೇ ಬೀಳಬೇಕು ಎಂದು ಕೋಟೂರರ ಅಭಿಮಾನಿಗಳು ಡಿಜೆ ಲಾರಿಗಳನ್ನು ತಂದು ಆಸ್ಪತ್ರೆಯ ಸರ್ಕಲ್ಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಅವರ ಲಾರಿಗಳ ಹಿಂದೆಯೇ ಅವರ ನಾಯಕನ ಹೆಂಡತಿಯ ಕಾರು ಸಿಕ್ಕಿಬಿದ್ದಿತ್ತು. ಮೈಕಿನ ದನಿಯನ್ನು ಸತ್ತವರು ಗುರುತಿಸುವುದಿಲ್ಲ ಎಂಬುದು ಊರಿನ ಹುಡುಗರಿಗೆಲ್ಲ ಗೊತ್ತಿರುವ ಸಂಗತಿ. ಅಭಿಮಾನದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಅಮರ್ ರಹೇ ಎಂದು ಡಿಜೆ ಗುಡುಗಿದಾಗ ಗೆರೆಯಲ್ಲಿ ಏಳುವ ಮುಳ್ಳಿಗೂ ಗರ್ನಾಲು ಸಿಡಿದಾಗ ಏಳುವ ಮುಳ್ಳಿಗೂ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

“ಇವ್ರ ಪ್ರೀತೀನೂ ಅಷ್ಟ, ಅವ್ರ ದ್ವೇಷಾನೂ ಅಷ್ಟ,” ಎಂದು ಡಾಕ್ಟರು ಬೇಸರದಿಂದ ಕೋಟು ತೆಗೆದಿಟ್ಟರು. “ನಾ ಹೋಗಿ ಆ ಹೆಣ್ಮಗಳನ್ನ ನಡಿಸ್ಕೊಂಡಾರ ಕರ್ಕೊಂಡು ಬರ್ತೀನಿ. ಗೆರಿ ಇನ್ನ ಭಾಳ ಹೊತ್ತ ಇರೂದಿಲ್ಲ. ಶಟರ್ ಮಾತ್ರ ತಗೀಬ್ಯಾಡ್ರಿ.”

ಅವರು ಹೋದ ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ಅದು ಬಟ್ಟೆ ಒಗೆಯುವ ಕಡೆಯ ಬಾಗಿಲು. ಸಂಗು ಹೋದ ದಿನ ಜನರ ಕಣ್ಣು ತಪ್ಪಿಸಿ ಅಕ್ಕನನ್ನು ಆ ಬಾಗಿಲಿನಿಂದಲೇ ಹೊರಗೆ ಕರೆದೊಯ್ದಿದ್ದೆ. ತೆರೆದರೆ ಆಕೆಯೇ ನಿಂತಿದ್ದಳು. ಪೊಲೀಸರೆಲ್ಲ ಮುಂದಿನ ಗೇಟಿನಲ್ಲಿದ್ದರು.

“ಅಕ್ಕಾ, ಇಲ್ಲಿ ಯಾಕ ಬಂದಿ? ಯಾರರ ನೋಡಿದ್ರ ನನ್ನ ನೌಕರಿ ಹೋಗ್ತೈತಿ.”

ಆಕೆ ನನ್ನನ್ನು ಬದಿಗೆ ಸರಿಸಿ ಒಳಗೆ ಬಂದಳು. ಮಂಚದ ಮೇಲಿನ ಮುಖವನ್ನು ನೋಡಿದಳು. ಗಾಜಿನ ಆಚೆಗಲ್ಲದೆ, ಇಷ್ಟು ಹತ್ತಿರದಿಂದ ಆಕೆ ಅದನ್ನು ನೋಡುತ್ತಿದ್ದುದು ಇದೇ ಮೊದಲು. ಆಮೇಲೆ ಶಟರಿನ ಕಡೆ ನೋಡಿದಳು.

“ಇದನ್ನ ಹಾಕಿಸಿದ್ದು ಸಂಗೂನ ಮ್ಯಾಲ ಅಲ್ಲೇನು?”

“ಹೂಂ.”

“ಸಂಗೂಗ ಇರಲಿಲ್ಲ. ಇವಂಗ ಯಾಕಬೇಕು? ತಗಿ.”

“ಅಕ್ಕಾ...”

“ತಗಿ ಅಂದೆ. ಕೇಳಿಸ್ಲಿ. ನನ್ನ ಕೂಸಿಗೆ ಹೆಂಗ ಕೇಳಿಸ್ತು ಹಂಗ ಕೇಳಿಸ್ಲಿ. ನಾ ಮತ್ತೇನೂ ಕೇಳಾಂಗಿಲ್ಲ ಅನಸೂಯಾ, ಇಷ್ಟ ದಿನ ನಿನ್ನ ಏನರ ಕೇಳೀನೇನು?”

ಕೇಳಿರಲಿಲ್ಲ. ಆದರೆ ಅಕ್ಕ ಕೇಳಿದಳೆಂದು ತೆಗೆದೆ ಎಂದರೆ ಸುಳ್ಳಾದೀತು. ನನಗೂ ಬೇಕಾಗಿತ್ತು. ನಾನು ಗುಂಡಿ ಒತ್ತಿದೆ. ಉಕ್ಕಿನ ಹಲಗೆಗಳು ಕಿರ್ರೆಂದು ಮೇಲೇರಿದವು, ಗಾಜು ಸರಿಯಿತು. ಊರಿನ ಸದ್ದೆಲ್ಲ ಒಳಗೆ ನುಗ್ಗಿತು. ಗರ್ನಾಲು, ಡಿಜೆ, ಶಿಳ್ಳೆ, ಜೈಕಾರ, ಕೇಕೆ. ಮದ್ದಿನ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಗೆರೆ ಪರದೆಯ ನೆತ್ತಿಗೆ ಹಾರಿ ಮುಳ್ಳುಮುಳ್ಳಾಯಿತು.

ಮುಖದಲ್ಲಿ ಮಾತ್ರ ಏನೂ ಇಲ್ಲ. ಸತ್ತವರ ಮುಖ ಎಂದೂ ಏನೂ ಹೇಳುವುದಿಲ್ಲ. ಅದಕ್ಕೇ ಈ ಕೋಣೆಗೆ ಬಂದವರು ಮುಖ ಬಿಟ್ಟು ಪರದೆಯನ್ನು ನೋಡುತ್ತಾರೆ.

ಅಕ್ಕನೂ ಪರದೆಯನ್ನೇ ನೋಡುತ್ತಿದ್ದಳು. ಆಕೆ ನಗುತ್ತಾಳೆ ಎಂದು ನಾನು ಕಾದೆ. ಹಾಳಾಗಿ ಹೋಗು ಎಂದಾದರೂ ಅನ್ನುತ್ತಾಳೆ ಎಂದು ಕಾದೆ. ಆಕೆ ಒಂದೊಂದು ಮುಳ್ಳು ಎದ್ದಾಗಲೂ ತಾನೇ ಬೆಚ್ಚುತ್ತಿದ್ದಳು.

“ಸಂಗೂಂದೂ ಹಿಂಗ ಇತ್ತಲ್ಲ?” ಎಂದು ಕೇಳಿದಳು.

“ಹಿಂಗ ಇತ್ತು.”

“ಯಾರದ್ದರ ಇರ್ಲಿ, ಹಿಂಗ ಇರತೈತೇನು?”

“ಎಲ್ಲಾರದೂ ಹಿಂಗ ಅಕ್ಕಾ.”

ಆಕೆ ಮಂಚದ ಹತ್ತಿರ ಹೋದಳು. ನನಗೆ ಭಯವಾಯಿತು. ಏನಾದರೂ ಮಾಡಿಬಿಟ್ಟರೆ? ಆಕೆ ಸ್ಟೂಲು ಎಳೆದುಕೊಂಡು ಕುಳಿತು, ಟೊಪ್ಪಿಗೆಯ ಅಂಚಿನ ಕೆಳಗೆ ಕಾಣುವ ಆ ಕಿವಿಗೆ ಬಾಗಿ, ಸೋಮವಾರಗಳ ಅದೇ ದನಿಯಲ್ಲಿ, ಅದೇ ಪ್ರಶ್ನೆ ಕೇಳಿದಳು.

“ಕೋಟೂರ ಸಾಹೇಬ್ರ, ನನ್ನ ಮಗಂಗ ಕೊನೀಗೆ ಏನ್ ಕೇಳಿಸ್ತು?”

ಕೆಳಗಿನ ಗೆರೆ ಎದ್ದಿತು.

ಹೊರಗಿನ ಗದ್ದಲಕ್ಕೆ ಇರಬೇಕು ಎಂದುಕೊಂಡೆ. ಗದ್ದಲಕ್ಕೆ ಕೆಳಗಿನ ಗೆರೆ ಏಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಾಗೆಂದುಕೊಂಡೆ. ಅಕ್ಕ ಇನ್ನೊಮ್ಮೆ ಕೇಳಿದಳು. ಗೆರೆ ಇನ್ನೊಮ್ಮೆ ಎದ್ದಿತು, ಹಸಿರಾಗಿ, ಸ್ಪಷ್ಟವಾಗಿ, ತಾಯಿಯ ದನಿಗೆ ಮಕ್ಕಳ ಗೆರೆ ಏಳುವಷ್ಟೇ ಎತ್ತರಕ್ಕೆ.

“ಅನಸೂಯಾ, ಹಸಿರು ಅಂದ್ರ ಗುರ್ತು ಅಲ್ಲೇನು?”

“ಹೂಂ ಅಕ್ಕಾ. ಗುರ್ತು ಹತ್ತೈತಿ.”

“ಹಂಗಾರ ಕೇಳಿಸ್ತಿತ್ತು.”

“ಕೇಳಿಸ್ತಿತ್ತು.”

“ವಾರಾ ವಾರಾ ಕೇಳಿಸ್ತಿತ್ತು ಇವಂಗ! ಗಾಜ ಏರಿಸಿದ್ರೂ ಕೇಳಿಸ್ತಿತ್ತು!”

ಆಕೆಯ ಮುಖ ನಾನು ಎಂದೂ ಕಾಣದ ರೀತಿಯಲ್ಲಿ ತಿರುಚಿಕೊಂಡಿತು. ಅಳುವೋ ಗೆಲುವೋ ಗೊತ್ತಾಗಲಿಲ್ಲ. ಅಷ್ಟೂ ಸೋಮವಾರ ಗೋಡೆಗೆ ಕೂಗುತ್ತಿದ್ದೇನೆ ಎಂದುಕೊಂಡವಳು. ಗೋಡೆಯ ಆಚೆ ಒಬ್ಬ ಕುಳಿತು ಒಂದಕ್ಷರ ಬಿಡದೆ ಕೇಳಿಸಿಕೊಂಡು, ಕೇಳಲಿಲ್ಲ ಎಂದು ಪ್ರಮಾಣ ಮಾಡಿದ್ದ. ಆ ಗೆರೆಯಲ್ಲಿದ್ದುದು ಭಯವೋ, ನಾಚಿಕೆಯೋ, ಕಿರಿಕಿರಿಯೋ, ಯಂತ್ರ ಹೇಳುವುದಿಲ್ಲ. ನಾನು ಊಹಿಸಲೂ ಹೋಗುವುದಿಲ್ಲ.

ಹೊರಗೆ ದೊಡ್ಡದೊಂದು ಗರ್ನಾಲು ಸಿಡಿಯಿತು. ಹಸಿರು ಗೆರೆ ಒಡೆದು ಚೂರಾಯಿತು. ಅದನ್ನು ನೋಡಿದ ಅಕ್ಕ ಎದೆಗೆ ಕೈ ಒತ್ತಿಕೊಂಡಳು. ಹಿಂದೆಯೂ ಆಕೆ ಇದೇ ಸ್ಟೂಲಿನ ಮೇಲೆ ಕುಳಿತಿದ್ದಳು, ಹೀಗೇ ಗೆರೆ ಒಡೆದಿತ್ತು.

“ಮುಚ್ಚ ಅದನ್ನ,” ಎಂದಳು.

“ಏನು?”

“ಕಿಟಕಿ ಮುಚ್ಚ ಅಂದೆ! ನಾ ಮಾತಾಡಾಕತ್ತೀನಿ, ಅವಂಗ ಕೇಳಿಸ್ಬೇಕು!”

ನಾನು ಓಡಿ ಹೋಗಿ ಗುಂಡಿ ಒತ್ತಿದೆ. ಶಟರ್ ಇಳಿಯಿತು. ಸದ್ದು ಮತ್ತೆ ಗೋಡೆಯ ಗುದ್ದಾಗಿ ಉಳಿಯಿತು. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಬಾಗಿದಳು.

“ನಾ ನಿನ್ನ ಮಾಫ್ ಮಾಡಾಕ ಬಂದಿಲ್ಲ,” ಎಂದಳು ಆ ಕಿವಿಗೆ. ಗೇಟಿನಲ್ಲಿ ಬಹುವಚನ ಹಾಕುತ್ತಿದ್ದವಳು ಈಗ ಏಕವಚನಕ್ಕಿಳಿದಿದ್ದಳು. “ಮಾಡೂದೂ ಇಲ್ಲ. ಪಟಾಕಿ ಹೊಡ್ಯಾಕತ್ತಾರ ಹೊರಗ, ನಿನ್ನವ್ರು ನನ್ನ ಕೂಸಿಗೆ ಹೊಡದಂಗ. ನನಗ ಖುಷಿ ಆಗತೈತಿ ಅಂತ ಬಂದಿದ್ದೆ. ಆಗವಲ್ದು. ನಾ ಏನ್ ಮಾಡ್ಲಿ? ನೀ ಇದ್ದಾಗ ಉತ್ರಾ ಕೊಡಲಿಲ್ಲ, ಸತ್ತ ಮ್ಯಾಲೆ ಖುಷೀನೂ ಕೊಡವಲ್ಲಿ. ಸಂಗಮೇಶ ಅಂತ ಅವನ ಹೆಸರು. ಕಸ ಅಂದಿ ಅಲ್ಲ ನೀನು. ಅವಂಗ ಸೈಕಲ್ ಮ್ಯಾಲೆ ಕೈ ಬಿಟ್ಟು ಹೋಗೂ ಹುಚ್ಚು. ಹುಳಿ ಮಾವಿನಕಾಯಿ ಅಂದ್ರ ಪ್ರಾಣಾ. ಹಲ್ಲ ಜುಂ ಅಂದ್ರೂ ಬಿಡತಿರಲಿಲ್ಲ...”

ಆಕೆ ಹೇಳುತ್ತಲೇ ಹೋದಳು. ಅವೆಲ್ಲ ಸಂಗೂನ ಕಿವಿಗೆ ಹೇಳಬೇಕೆಂದಿದ್ದ ಮಾತುಗಳು, ಅಂದು ಪಟಾಕಿಯಲ್ಲಿ ಮುಳುಗಿಹೋದ ಮಾತುಗಳು. ಮಧ್ಯೆ ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ ಗೋಡೆ ಗುದ್ದುತ್ತಿತ್ತು, ಮೇಲಿನ ಗೆರೆಯಲ್ಲಿ ಮುಳ್ಳು ಏಳುತ್ತಿತ್ತು. ಅದನ್ನು ಓರೆಗಣ್ಣಿನಲ್ಲಿ ಕಂಡು ಆಕೆ ಮತ್ತೆ ಬೇಗ ಬೇಗ ಶುರು ಮಾಡುತ್ತಿದ್ದಳು. ಹಸಿರು ಗೆರೆ ಆಕೆಯ ದನಿಯ ಹಿಂದೆಯೇ ಏಳುತ್ತ ಬೀಳುತ್ತ ಇತ್ತು.

“ನೀರರ ಕುಡಿ ಅಕ್ಕಾ. ಸಾಕು ಮಾಡು.”

“ನಾ ಸುಮ್ಮನಾದ್ರ ಅವಂಗ ಅದ ಕೇಳಿಸ್ತೈತಲ್ಲ,” ಎಂದಳು. ಯಾರ ಮೇಲಿನ ಸಿಟ್ಟು ಎಂದು ತಿಳಿಯದ ಸಿಟ್ಟಿನಲ್ಲಿ ಕಣ್ಣು ಒರೆಸಿಕೊಂಡಳು.

ನಾನು ಮೂಲೆಯ ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಪೇಡೆಯ ಸಿಹಿ ಹಲ್ಲಿನ ಸಂದಿಯಲ್ಲಿ ಇನ್ನೂ ಇತ್ತು.

ಗೆರೆ ನಿಧಾನಕ್ಕೆ ತಗ್ಗುತ್ತ ಬಂತು. ಅಕ್ಕನ ದನಿಯೂ ಸಣ್ಣದಾಯಿತು. ಕೊನೆಕೊನೆಗೆ ಆಕೆ ಬೇರೇನೂ ಹೇಳದೆ ಸಂಗಮೇಶ, ಸಂಗಮೇಶ ಎಂದು ಹೆಸರೊಂದನ್ನೇ ಹೇಳುತ್ತಿದ್ದಳು. ಹಸಿರು ಒಮ್ಮೆ ಸಣ್ಣಗೆ ಮಿಸುಕಿ ಮಲಗಿತು. ಮೇಲಿನ ಗೆರೆ ಮಾತ್ರ ಎಳೆಯಾಗಿ ಉಳಿದಿತ್ತು.

ಆಗ ಮುಂದಿನ ಬಾಗಿಲು ತೆರೆಯಿತು. ಡಾಕ್ಟರು ಏದುಸಿರು ಬಿಡುತ್ತ ಬಂದರು. ಅವರ ಹಿಂದೆ ಪ್ರೇಮಾ ಕೋಟೂರ. ಕಾರು ಬಿಟ್ಟು ಜನರ ನಡುವೆ ನುಗ್ಗಿ ನಡೆದು ಬಂದಿದ್ದರು. ಕಾಲಲ್ಲಿ ಒಂದೇ ಚಪ್ಪಲಿ. ಸೀರೆಯ ಮೇಲೆ ಯಾರೋ ಎರಚಿದ ಗುಲಾಲು. ಯಾರ ಗುಲಾಲೋ, ಯಾರು ಬಲ್ಲರು? ಅವರು ಮಂಚದ ಮೇಲೆ ಬಾಗಿ, “ರೀ... ರೀ, ನಾ ಬಂದೀನ್ರೀ...” ಎಂದರು.

ಮೇಲಿನ ಗೆರೆ ಸ್ವಲ್ಪ ಅಲುಗಿತು. ಕೆಳಗಿನದು ಏಳಲಿಲ್ಲ. ಅವರು ಮತ್ತೆ ಕರೆದರು, ಗಂಡನ ಕೆನ್ನೆ ತಟ್ಟಿ ಕರೆದರು. ಎರಡೂ ಗೆರೆ ಮಲಗಿದವು. ಡಾಕ್ಟರು ತಲೆ ಅಲ್ಲಾಡಿಸಿ, ಕೈ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿದರು.

ಪ್ರೇಮಾ ಅವರು ತಲೆ ಎತ್ತಿದ್ದು ಬಹಳ ಹೊತ್ತಿನ ಮೇಲೆ. ಸ್ಟೂಲಿನ ಮೇಲೆ ಕುಳಿತಿದ್ದ ನನ್ನ ಅಕ್ಕನನ್ನು ಆಗಲೇ ಕಂಡರು. ಗುರುತು ಹಿಡಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ.

“ನೀವು ಸೋಮವಾರದವ್ರು,” ಎಂದರು.

ಅಕ್ಕ ಹೂಂ ಎಂದಳು.

“ನೀವು ಬರೂ ಹೊತ್ತಿಗೆ ಅವ್ರು ಟಿವಿ ದನಿ ಏರಸ್ತಿದ್ರು. ಇಡೀ ಮನಿ ನಡಗೂ ಹಂಗ. ಆದ್ರೂ ಕೇಳಿಸ್ತಿತ್ರಿ.” ಅವರ ದನಿಯಲ್ಲಿ ದೂರು ಇರಲಿಲ್ಲ, ಕ್ಷಮೆ ಕೇಳುವ ಧಾಟಿಯೂ ಇರಲಿಲ್ಲ. ದಣಿದಿದ್ದರು. ಗಂಡನ ಗಡ್ಡಕ್ಕೆ ಅಂಟಿದ ಕುಂಕುಮವನ್ನು ಸೆರಗಿನಿಂದ ಒರೆಸಿದರು. ಆಮೇಲೆ ನನ್ನನ್ನು ಬಿಟ್ಟು, ಡಾಕ್ಟರನ್ನು ಬಿಟ್ಟು, ಅಕ್ಕನನ್ನೇ ಕೇಳಿದರು.

“ನೀವು ಇಲ್ಲೇ ಇದ್ರಿ. ಹೇಳ್ರಿ. ನಮ್ಮನಿಯವ್ರಿಗೆ ಕೊನೀಗೆ ಏನ್ ಕೇಳಿಸ್ತು?”

ಅಕ್ಕ ಅವರ ಮುಖವನ್ನೇ ನೋಡುತ್ತ ಕುಳಿತಳು. ಪಟಾಕಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಶಟರ್ ತೆರೆದವಳು ನಾನೇ. ಅಕ್ಕನ ಕೈ ಸೆರಗಿನ ತುದಿಯ ಗಂಟನ್ನು ಹಿಡಿದುಕೊಂಡಿತ್ತು. ಒಳಗಿದ್ದ ಪೇಡೆ ಹಿಟ್ಟಾಗುವ ಹಾಗೆ ಹಿಸುಕಿತು.

“ನನ್ನ ಮಗನ ಹೆಸರು,” ಎಂದಳು.

ಪ್ರೇಮಾ ಅವರು ಮಂಚದ ಅಂಚಿನಲ್ಲಿ ಕುಳಿತರು. ನಾನು ಟೊಪ್ಪಿಗೆಯ ದ್ರವ ನಿಲ್ಲಿಸಿ, ಪರದೆ ಆರಿಸಿದೆ. ಹೊರಗೆ ಇನ್ನೂ ಗರ್ನಾಲು ಸಿಡಿಯುತ್ತಿತ್ತು, ಜೈಕಾರ ಗುಡುಗುತ್ತಿತ್ತು. ಎಲ್ಲ ಮುಗಿದಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಒಂದು ದೊಡ್ಡ ಸದ್ದಿಗೆ ಪ್ರೇಮಾ ಅವರು ಬೆಚ್ಚಿಬಿದ್ದರು. ಅಕ್ಕನೂ ಬೆಚ್ಚಿಬಿದ್ದಳು. ಊರು ಒಬ್ಬ ಸತ್ತವನಿಗೆ ಕೇಳಿಸಲೆಂದು ಹೊಡೆಯುತ್ತಿದ್ದ ಪಟಾಕಿ ಕೇಳಿಸುತ್ತಿದ್ದುದು ಈಗ ನಮಗೆ ಮಾತ್ರ.